ಗುಡ್ಡದ ನೆತ್ತಿಯ ಮೇಲೊಂದು ಟ್ಯಾಂಕು

ದೀಪಾವಳಿ ಸಮೀಪಿಸಿತೆಂದರೆ ನಮ್ಮ ಸೊಲ್ಲಾಪುರದ ಓಣಿಗಳಲ್ಲಿ ಮಣ್ಣಿನ ಕಿಲ್ಲೆಗಳು ಏಳತೊಡಗುತ್ತವೆ. ಮಕ್ಕಳು ಅಂಗಳದಲ್ಲಿ ಕಲ್ಲು, ಇಟ್ಟಿಗೆಯ ಚೂರುಗಳನ್ನು ಒಟ್ಟಿ, ಮೇಲೆ ಗೋಣಿತಾಟು ಹೊದಿಸಿ, ಕೆಂಪು ಮಣ್ಣನ್ನು ಕಲಸಿ ಬಳಿಯುತ್ತಾರೆ. ಅದರ ಮೇಲೆ ಸಾಸಿವೆಯನ್ನೋ ಗೋದಿಯನ್ನೋ ಚೆಲ್ಲಿ ನೀರು ಚಿಮುಕಿಸಿದರೆ ನಾಲ್ಕಾರು ದಿನಗಳಲ್ಲಿ ಗುಡ್ಡಕ್ಕೆ ಹಸಿರು ಬರುತ್ತದೆ. ತುದಿಯಲ್ಲಿ ಶಿವಾಜಿ ಮಹಾರಾಜರ ಸಿಂಹಾಸನ, ಮೆಟ್ಟಿಲುಗಳ ಮೇಲೆ ಭರ್ಚಿ ಹಿಡಿದ ಮಾವಳೆಯರು, ಬುರುಜಿಗೊಂದು ತೋಪು, ಕೆಳಗಿನ ಗವಿಯಲ್ಲಿ ಒಂದು ಹುಲಿ. ಮನೆಮಾತು ಕನ್ನಡವಾದವರ ಅಂಗಳಕ್ಕೂ ಮರಾಠಿಯಾದವರ ಅಂಗಳಕ್ಕೂ ಈ ವಿಷಯದಲ್ಲಿ ಭೇದವಿಲ್ಲ. ನಾವೂ ಬಾಲ್ಯದಲ್ಲಿ ಕಿಲ್ಲೆ ಕಟ್ಟಿದವರೇ. ಹಬ್ಬದ ಕೊನೆಯ ದಿನ ಅದರ ಬುಡದಲ್ಲಿ ಸುತಳಿ ಬಾಂಬಿಟ್ಟು ಉಡಾಯಿಸಿದವರೂ ನಾವೇ.

ಎರಡು ವರ್ಷಗಳ ಹಿಂದಿನ ದೀಪಾವಳಿಯಲ್ಲಿ ನಮ್ಮ ಮೊಮ್ಮಗನು ತನ್ನ ಕಿಲ್ಲೆಯ ನೆತ್ತಿಯ ಮೇಲೆ ಒಂದು ಟ್ಯಾಂಕನ್ನು ನಿಲ್ಲಿಸಿದ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಬಣ್ಣ ಬಳಿದು, ಚಕ್ರಗಳಿಗೆ ಕೆಸರಿನ ಕಲೆಯನ್ನೂ ಹಚ್ಚಿ ಅವನೇ ಸಿದ್ಧಪಡಿಸಿದ್ದು, ಗೇಣುದ್ದಕ್ಕೂ ಕಡಿಮೆ. ನಳಿಗೆ ತುಸು ಮೇಲೆತ್ತಿತ್ತು. ಮೇಲಿನ ಮುಚ್ಚಳ ತೆರೆದಿತ್ತು. ಅದರಿಂದ ಕಮಾಂಡರನ ಗೊಂಬೆಯೊಂದು ಎದೆಯವರೆಗೆ ಹೊರಬಂದು ದಿಗಂತವನ್ನು ನೋಡುತ್ತಿತ್ತು. ಹದಿನೇಳನೆಯ ಶತಮಾನದ ಕೋಟೆಯ ಮೇಲೆ ಇಪ್ಪತ್ತನೆಯ ಶತಮಾನದ ಟ್ಯಾಂಕು ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಮಕ್ಕಳ ಜಗತ್ತಿನಲ್ಲಿ ಶತಮಾನಗಳೆಲ್ಲ ನೆರೆಮನೆಯವು. ಓಣಿಯವರೆಲ್ಲ ನಿಂತು ನೋಡಿ ಮೆಚ್ಚಿ ಹೋದರು.

ಅಂದು ಸಂಜೆ ಅಕ್ಕಲಕೋಟೆಯಿಂದ ನಮ್ಮ ಸೋದರಮಾವ ಹಬ್ಬಕ್ಕೆ ಬಂದರು. 1971ರ ಯುದ್ಧದಲ್ಲಿ ಅವರು ಪಶ್ಚಿಮದ ಗಡಿಯಲ್ಲಿ ಟ್ಯಾಂಕಿನ ಚಾಲಕರಾಗಿದ್ದವರು. ಆ ಬಗ್ಗೆ ಮನೆಯಲ್ಲಿ ಅವರು ಮಾತನಾಡಿದ್ದು ಕಡಿಮೆ. ನಾವು ಕೇಳಿದ್ದೂ ಕಡಿಮೆ. ಕಿಲ್ಲೆಯ ಮುಂದೆ ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಟ್ಯಾಂಕನ್ನು ಎರಡು ಬೆರಳುಗಳಲ್ಲಿ ಎತ್ತಿ, ಗುಡ್ಡದ ಹಿಂಬದಿಯ ಇಳುಕಲಿನಲ್ಲಿ ಇಟ್ಟರು. ಮುಂದಿನಿಂದ ನೋಡಿದರೆ ಈಗ ಕಾಣುತ್ತಿದ್ದುದು ಗೋಪುರದ ಅಂಚು ಮತ್ತು ನಳಿಗೆಯ ತುದಿ ಮಾತ್ರ.

“ಮುತ್ಯಾ, ಅಲ್ಲಿಟ್ರ ಯಾರಿಗೂ ಕಾಣಂಗಿಲ್ಲ” ಎಂದು ಹುಡುಗ ಮುನಿದ.

“ಕಾಣಬಾರ್ದಂತನ ಅಲ್ಲಿಡೋದು. ನೆತ್ತಿ ಮ್ಯಾಲ ನಿಂತ್ರ ಆಕಾಶದಾಗ ಎದ್ದು ಕಾಣ್ತದ. ಒಳಗ ನಾಕ್ ಮಂದಿ ಅದಾರೋ ತಮ್ಮಾ.”

ಇಷ್ಟೇ ಹೇಳಿ ಅವರು ಚಹಾ ಕುಡಿಯಲು ಒಳಗೆ ಹೋದರು. ಹುಡುಗ ಸ್ವಲ್ಪ ಹೊತ್ತು ಕಾದು, ಟ್ಯಾಂಕನ್ನು ತೆಗೆದು ಮತ್ತೆ ನೆತ್ತಿಯ ಮೇಲೇ ಇಟ್ಟ. ನಾವು ಅದನ್ನು ನೋಡಿದೆವು, ಏನೂ ಹೇಳಲಿಲ್ಲ. ಹೇಳದೆ ಉಳಿದದ್ದು ಸರಿಯೇ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಯುದ್ಧವನ್ನು ಕಿರಿದಾಗಿಸಿ ಚೆಂದವಾಗಿ ಜೋಡಿಸಿಡುವುದರಲ್ಲಿ ತಪ್ಪೇನಾದರೂ ಇದೆಯೇ? ಇದ್ದರೆ, ಅದು ಎಲ್ಲಿದೆ?

ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಬಲಿತವರೇ ಆಡುವ ಯುದ್ಧದಾಟ ಪಶ್ಚಿಮದ ದೇಶಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ನಮ್ಮ ದೇಶದ ನಗರಗಳಲ್ಲೂ ಅದರ ಅಭ್ಯಾಸಿಗಳಿದ್ದಾರೆ. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜಿನ ಮೇಲೆ ಗುಡ್ಡ, ಹೊಳೆ, ಹಳ್ಳಿಗಳನ್ನು ರಚಿಸುತ್ತಾರೆ. ನಿಜದ ಎಪ್ಪತ್ತೆರಡನೆಯ ಒಂದು ಭಾಗದಷ್ಟೋ ನೂರನೆಯ ಒಂದು ಭಾಗದಷ್ಟೋ ಅಳತೆಯ ಟ್ಯಾಂಕು, ಲಾರಿ, ಜೀಪುಗಳನ್ನು ಅದರ ಮೇಲೆ ನಡೆಸುತ್ತಾರೆ. ಎಷ್ಟು ಅಂಗುಲ ಚಲಿಸಬಹುದು, ಹೊಡೆದ ಗುಂಡು ತಗುಲಿತೇ ಇಲ್ಲವೇ ಎಂಬುದನ್ನು ನಿಯಮಗಳೂ ದಾಳಗಳೂ ತೀರ್ಮಾನಿಸುತ್ತವೆ. ಆದರೆ ಈ ಅಭ್ಯಾಸಿಗಳನ್ನು ಬಲ್ಲವರಿಗೆ ತಿಳಿದಿರುವಂತೆ, ಆಟಕ್ಕೆ ತಗಲುವ ಹೊತ್ತು ಒಂದು ಪಾಲಾದರೆ ವಾಹನಗಳನ್ನು ಕಟ್ಟಿ, ಬಣ್ಣ ಹಚ್ಚಿ, ಅವಕ್ಕೊಂದು ಭಂಗಿಯನ್ನು ಕೊಡಲು ತಗಲುವ ಹೊತ್ತು ಹತ್ತು ಪಾಲು. ಗೋಪುರವನ್ನು ನೇರಕ್ಕಿಡುವುದೋ, ತುಸು ಓರೆಗೆ ತಿರುಗಿಸುವುದೋ? ನೇರಕ್ಕಿಟ್ಟರೆ ಅಂಗಡಿಯ ಆಟಿಕೆಯಂತೆ ಜಡವಾಗಿ ಕಾಣುತ್ತದೆ. ಓರೆಯಾಗಿಸಿದರೆ ಒಳಗೆ ಯಾರೋ ಏನನ್ನೋ ಕಂಡರು, ಅತ್ತ ತಿರುಗಿದರು ಎಂಬ ಕಥೆ ಹುಟ್ಟುತ್ತದೆ. ಒಂದು ಬದಿಯ ಚಕ್ರಗಳನ್ನು ದಿಬ್ಬಕ್ಕೆ ಹತ್ತಿಸಿದರೆ ಚಲನೆ ಹುಟ್ಟುತ್ತದೆ. ಮುಚ್ಚಳ ತೆರೆದು ಒಬ್ಬನನ್ನು ನಿಲ್ಲಿಸಿದರೆ ಯಂತ್ರಕ್ಕೆ ಮುಖ ಬರುತ್ತದೆ. ಹೊಡೆತ ತಿಂದ ಟ್ಯಾಂಕನ್ನು ಸೂಚಿಸಲು ಕಪ್ಪು ಬಳಿದ ಹತ್ತಿಯ ಉಂಡೆಯನ್ನು ಹೊಗೆಯಂತೆ ಮೇಲಿಡುತ್ತಾರೆ.

ಆ ಹತ್ತಿಯ ಹೊಗೆ ಬಹಳ ಸೊಗಸಾಗಿ ಕಾಣುತ್ತದೆಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಅದರ ಕೆಳಗಿನ ಟ್ಯಾಂಕಿನಿಂದ ಯಾರೂ ಹೊರಗೆ ಹಾರುವುದಿಲ್ಲ. ಸಿಪಾಯಿಯ ಗೊಂಬೆ ಬಿದ್ದರೆ ಒಬ್ಬ ಮನುಷ್ಯ ಬಿದ್ದನೆಂದು ಕಣ್ಣಿಗೆ ತೋರುತ್ತದೆ. ಟ್ಯಾಂಕು ಹೊತ್ತಿದರೆ ಒಂದು ವಸ್ತು ಕೆಟ್ಟಿತೆಂದಷ್ಟೇ ತೋರುತ್ತದೆ. ಈ ಮರೆಸುವಿಕೆ ಆಟಗಾರರಿಂದ ಆರಂಭವಾದದ್ದಲ್ಲ. ಯುದ್ಧದ ವರದಿಗಳನ್ನು ಓದುವಾಗ ನಾವೆಲ್ಲರೂ ‘ಇಷ್ಟು ಟ್ಯಾಂಕುಗಳು ನಾಶವಾದವು’ ಎಂಬ ಸಂಖ್ಯೆಯನ್ನು ನಾಲ್ಕರಿಂದ ಗುಣಿಸದೆಯೇ ಓದಿ ಮುಗಿಸುತ್ತೇವೆ. ಕಿರುಮಾದರಿಯು ನಮ್ಮ ಆ ಅಭ್ಯಾಸವನ್ನೇ ಮೇಜಿನ ಮೇಲೆ ತಂದಿಡುತ್ತದೆ.

ಇನ್ನೊಂದು ಸುಳ್ಳು ಲೆಕ್ಕದಲ್ಲಿದೆ. ಎಪ್ಪತ್ತೆರಡನೆಯ ಒಂದು ಅಳತೆಯಲ್ಲಿ ಆರಡಿಯ ಮೇಜೆಂದರೆ ನಿಜದಲ್ಲಿ ಸುಮಾರು 130 ಮೀಟರು. ಟ್ಯಾಂಕಿನ ಗುಂಡು ಸಾವಿರ ಮೀಟರಿನಾಚೆಗೂ ಹೋಗಿ ಕೊಲ್ಲುತ್ತದೆ. ಆ ಸಾವಿರ ಮೀಟರನ್ನು ಅದೇ ಅಳತೆಗೆ ಇಳಿಸಿದರೆ ಸುಮಾರು 14 ಮೀಟರು, ಅಂದರೆ ನಲವತ್ತೈದು ಅಡಿ. ನಮ್ಮ ಸಂಘದ ಸಭಾಂಗಣದ ಈ ಗೋಡೆಯಿಂದ ಆ ಗೋಡೆಯವರೆಗೆ ಮೇಜು ಹಾಕಿದರೂ ಸಾಲದು. ಆದ್ದರಿಂದ ಆಟದ ನಿಯಮಗಳು ದೂರವನ್ನು ಕುಗ್ಗಿಸುತ್ತವೆ, ವಾಹನಗಳ ಗಾತ್ರವನ್ನು ಮಾತ್ರ ಕುಗ್ಗಿಸದೆ ಉಳಿಸುತ್ತವೆ. ಫಲವಾಗಿ ಸಂತೆಯ ದಿನ ನಿಂತ ಬಂಡಿಗಳಂತೆ ಟ್ಯಾಂಕುಗಳು ಮೈಗೆ ಮೈ ಹಚ್ಚಿ ನಿಲ್ಲುತ್ತವೆ. ನುರಿತ ಆಟಗಾರರೇ ಇದನ್ನು ಕಂಡು ನಗುವುದುಂಟು. ಆದರೆ ನೋಡುವವನ ಮನಸ್ಸಿನಲ್ಲಿ ಇದು ಬೇರೊಂದು ಕೆಲಸ ಮಾಡುತ್ತದೆ: ಎರಡು ಪಡೆಗಳು ಪರಸ್ಪರ ಮುಖ ನೋಡಿಕೊಂಡು ಕಾದಾಡುತ್ತವೆಂಬ ಹಳೆಯ ಪುರಾಣದ ಚಿತ್ರವನ್ನು ಮರಳಿ ತರುತ್ತದೆ. ತನ್ನನ್ನು ಕೊಂದವನನ್ನು ನೋಡದೆಯೇ ಸತ್ತವರ ಯುದ್ಧವನ್ನು ಅದು ತೋರಿಸಲಾರದು.

ಆಟದ ನಿಯಮಗಳನ್ನೂ ಭಂಗಿಯನ್ನೂ ಬೇರೆ ಬೇರೆ ಮಾಡಿ ನೋಡಿದಾಗ ಒಂದು ವಿಚಿತ್ರ ಹೊಳೆಯುತ್ತದೆ. ಇಂಥ ಆಟಗಳ ನಿಯಮಗಳು ಸಾಮಾನ್ಯವಾಗಿ ನಮ್ಮ ಮಾಮಾ ಹೇಳಿದ್ದನ್ನೇ ಹೇಳುತ್ತವೆ. ಗುಡ್ಡದ ಮರೆಯಲ್ಲಿ ಒಡಲನ್ನಡಗಿಸಿ ಗೋಪುರವನ್ನಷ್ಟೇ ಹೊರಗಿಟ್ಟ ಟ್ಯಾಂಕಿಗೆ ಗುಂಡು ತಗುಲುವುದು ಕಠಿಣವೆಂದು ಅವು ಮರೆಯ ಲಾಭವನ್ನು ಕೊಡುತ್ತವೆ. ಆಡುವಾಗ ಟ್ಯಾಂಕು ಹಿಂದಕ್ಕೆ ಹೋಗುತ್ತದೆ. ಆಟ ಮುಗಿದು ಚಿತ್ರ ತೆಗೆಯುವಾಗ ಅದೇ ಟ್ಯಾಂಕು ನೆತ್ತಿಗೆ ಬರುತ್ತದೆ. ಗೆಲ್ಲಬೇಕಾದವನು ಒಳಗಿರುವವರ ಪ್ರಾಣವನ್ನು, ಅಂಕಗಳ ರೂಪದಲ್ಲಾದರೂ, ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ತೋರಿಸಬೇಕಾದವನಿಗೆ ಆ ಲೆಕ್ಕವಿಲ್ಲ. ಅಂದರೆ ಆಟವೇ ಪಾಪ, ಕಲೆ ನಿರ್ದೋಷಿ ಎಂದು ನಾವು ಭಾವಿಸಿದ್ದುದು ಇಲ್ಲಿ ತಲೆಕೆಳಗಾಗುತ್ತದೆ. ಸಾಹಿತ್ಯ ಸಮ್ಮೇಳನಕ್ಕೆ ಸೇರುವ ನಮ್ಮಂಥವರಿಗೆ ಇದು ಅಷ್ಟೇನೂ ಹಿತವಾದ ಮಾತಲ್ಲ.

ಸೈನ್ಯದವರು ತಮ್ಮ ಉಪಯೋಗಕ್ಕೆಂದು ಮಾಡಿಕೊಂಡ ಆಟವೂ ಇದನ್ನೇ ಹೇಳುತ್ತದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬಾತ ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವನ್ನು ತಿದ್ದಿ ಅಲ್ಲಿನ ಸೇನಾ ಮುಖ್ಯಸ್ಥರ ಮುಂದಿಟ್ಟ. ಅದರಲ್ಲಿ ಮುದ್ದಾದ ಗೊಂಬೆಗಳಿರಲಿಲ್ಲ; 1:8000 ಪ್ರಮಾಣದ ನಕಾಶೆಯ ಮೇಲೆ ಕೆಂಪು, ನೀಲಿ ಬಣ್ಣ ಬಳಿದ ಸೀಸದ ಚಿಕ್ಕ ಆಯತಗಳಿದ್ದವು. ಎದುರಾಳಿಯ ಪಡೆ ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದಾಗ ಮಾತ್ರ ಮಧ್ಯಸ್ಥನು ಅದರ ತುಂಡುಗಳನ್ನು ನಕಾಶೆಯ ಮೇಲಿಡುತ್ತಿದ್ದ. ಯುದ್ಧವನ್ನು ನಿಜವಾಗಿ ಮಾಡಬೇಕಾದವರಿಗೆ ಭಂಗಿ ಬೇಕಾಗಿರಲಿಲ್ಲ. ಹಾಗೆಂದು ಆ ಆಯತಗಳು ಹೆಚ್ಚು ನೈತಿಕವೆಂದು ನಾವು ಹೇಳಲಾರೆವು. ಮನುಷ್ಯ ಅವುಗಳಲ್ಲಿ ಇನ್ನೂ ಕಡಿಮೆ.

ಹಾಗಾದರೆ ಭಂಗಿ ಬೇಕಾದದ್ದು ಯಾರಿಗೆ? ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ನೆಲದ ಮೇಲೆ ತವರದ ಸಿಪಾಯಿಗಳನ್ನು ನಿಲ್ಲಿಸಿ, ಸ್ಪ್ರಿಂಗಿನಿಂದ ಮರದ ತುಂಡು ಹಾರಿಸುವ ಆಟಿಕೆಯ ತೋಪಿನಿಂದ ಅವರನ್ನು ಉರುಳಿಸುವ ಆಟದ ನಿಯಮಗಳು ಅದರಲ್ಲಿವೆ. ಪುಸ್ತಕದ ಕೊನೆಯಲ್ಲಿ ವೆಲ್ಸ್ ತಮ್ಮ ಆಟವನ್ನು ಸಮರ್ಥಿಸಿಕೊಳ್ಳುವ ಬಗೆ ವಿಶೇಷವಾದುದು. ಈ ಚಿಕ್ಕ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ದೊಡ್ಡ ಯುದ್ಧವೆಂಬುದು ಎಂಥ ಎಡವಟ್ಟಿನ ವ್ಯವಹಾರವೆಂದು ಅರಿವಾಗುತ್ತದೆ, ಯುದ್ಧದ ಹುಚ್ಚಿನವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ ಇದನ್ನೇ ಆಡಲು ಬಿಡಬೇಕು ಎಂಬುದು ಅವರ ವಾದದ ಸಾರ. ಮರುವರ್ಷವೇ ಮಹಾಯುದ್ಧ ಬಂತು. ಅದೇ ವೆಲ್ಸ್ ಆ ಯುದ್ಧವು ಯುದ್ಧಗಳನ್ನೇ ಕೊನೆಗೊಳಿಸುವುದೆಂದು ಲೇಖನಗಳನ್ನು ಬರೆದು ಬೆಂಬಲಿಸಿದರು. ಆ ಲೇಖನಗಳು 1914ರಲ್ಲೇ ಪುಸ್ತಕವಾಗಿಯೂ ಬಂದವು. ಚಿಕ್ಕ ಯುದ್ಧ ದೊಡ್ಡ ಯುದ್ಧಕ್ಕೆ ಮದ್ದಾಗುತ್ತದೆಂಬ ಅವರ ನಂಬಿಕೆ ಅವರ ಮಟ್ಟಿಗೇ ಫಲಿಸಲಿಲ್ಲ. ಅವರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಆಟಿಕೆಯಿಂದ ಯುದ್ಧಪ್ರಿಯತೆ ಬೆಳೆಯುತ್ತದೆಂಬ ವಾದವನ್ನೂ ಆಟಿಕೆಯಿಂದ ಅದು ತಣಿಯುತ್ತದೆಂಬ ವಾದವನ್ನೂ ನಾವು ಸಮನಾಗಿ ಸಂದೇಹಿಸುತ್ತೇವೆ. ಕಿಲ್ಲೆ ಕಟ್ಟಿದ ನಮ್ಮ ಓಣಿಯ ಹುಡುಗರಲ್ಲಿ ಒಬ್ಬರು ಸೈನ್ಯಕ್ಕೆ ಹೋದರು, ಇಬ್ಬರು ಗಿರಣಿಗೆ, ಉಳಿದವರು ಶಾಲಾಮಾಸ್ತರರಾದೆವು.

ವೆಲ್ಸ್‌ಗಿಂತಲೂ ನಮ್ಮನ್ನು ಹೆಚ್ಚು ಕಾಡಿದವನು ಒಬ್ಬ ಕಲ್ಪಿತ ವ್ಯಕ್ತಿ. ಲಾರೆನ್ಸ್ ಸ್ಟರ್ನ್ 1759ರಿಂದ 1767ರವರೆಗೆ ಸಂಪುಟ ಸಂಪುಟವಾಗಿ ಹೊರತಂದ ‘ಟ್ರಿಸ್ಟ್ರಮ್ ಶ್ಯಾಂಡಿ’ ಕಾದಂಬರಿಯ ಟೋಬಿ ಮಾಮ. 1695ರ ನಾಮೂರ್ ಮುತ್ತಿಗೆಯಲ್ಲಿ ತೊಡೆಯ ಸಂದಿಗೆ ಪೆಟ್ಟು ತಿಂದು ಮನೆಗೆ ಮರಳಿದ ಆ ಸೈನಿಕನನ್ನು ನೋಡಲು ಬಂದವರೆಲ್ಲ ಪೆಟ್ಟು ಎಲ್ಲಿ ಆಯಿತೆಂದು ಕೇಳುತ್ತಾರೆ. ಕೋಟೆಯ ಕಂದಕ, ಗೋಡೆ, ಹೊರಗೋಡೆಗಳ ಹೆಸರುಗಳಲ್ಲಿ ಸಿಕ್ಕಿಕೊಂಡು ಅವನಿಗೆ ವಿವರಿಸಲಾಗುವುದಿಲ್ಲ. ವಿವರಿಸಲಾಗದ ಸಂಕಟದಿಂದ ಗಾಯವೇ ಉಲ್ಬಣಿಸುತ್ತದೆ. ಕೊನೆಗೆ ನಕಾಶೆ ತರಿಸಿಕೊಳ್ಳುತ್ತಾನೆ. ಅದೂ ಸಾಲದೆ ತನ್ನ ಸೇವಕ ಟ್ರಿಮ್‌ನ ಜೊತೆಗೂಡಿ ಹುಲ್ಲಿನ ಅಂಗಳದಲ್ಲಿ ಕೋಟೆಗಳ ಕಿರುಮಾದರಿಗಳನ್ನೇ ಕಟ್ಟತೊಡಗುತ್ತಾನೆ. ನೊಣವನ್ನೂ ಕೊಲ್ಲದೆ ಕಿಟಕಿಯಿಂದ ಹೊರಗೆ ಬಿಡುವಷ್ಟು ಮೃದು ಮನಸ್ಸಿನವನು ಅವನು. ಅವನ ಕಿರುಯುದ್ಧದ ಮೂಲದಲ್ಲಿರುವುದು ಒಂದು ಗಾಯ, ಮತ್ತು ‘ಇಲ್ಲಿ ಆಯಿತು’ ಎಂದು ಬೆರಳಿಟ್ಟು ತೋರಿಸಬೇಕೆಂಬ ಹಂಬಲ.

ನಮ್ಮ ಮಾಮಾ ಕಿಲ್ಲೆಯ ಮುಂದೆ ಕುಳಿತಾಗ ಮಾಡಿದ್ದು ಬಹುಶಃ ಇದನ್ನೇ. ಐದು ದಶಕಗಳಲ್ಲಿ ಬಾಯಿಂದ ಬಾರದ ಮಾತು ಎರಡು ಬೆರಳುಗಳಿಂದ ಬಂತು. ಆಟಿಕೆಯಿಲ್ಲದಿದ್ದರೆ ಬರುತ್ತಿರಲಿಲ್ಲ. ಯುದ್ಧದ ಆಟಿಕೆಗಳನ್ನೆಲ್ಲ ಮನೆಯಿಂದ ಹೊರಗೆಸೆಯಬೇಕೆಂದು ಹೇಳುವ ಮಿತ್ರರೊಡನೆ ನಾವು ಒಪ್ಪದಿರುವುದು ಇದರಿಂದಲೇ.

ಆದರೂ ಆ ಮಿತ್ರರ ಎದುರಾಳಿಗಳು ಹೇಳುವ ಮಾತನ್ನೂ ಕೇಳಬೇಕು. ಚದುರಂಗದ ಮುಂದೆ ಕುಳಿತವನಿಗೆ ಯಾರೂ ಇಂಥ ಪ್ರಶ್ನೆ ಕೇಳುವುದಿಲ್ಲವಲ್ಲ, ಎಂದು ಅವರು ಕೇಳುತ್ತಾರೆ. ಚತುರಂಗವೆಂದರೆ ಸೈನ್ಯದ ನಾಲ್ಕು ಅಂಗಗಳು. ಹಲಗೆಯ ಮೂಲೆಯಲ್ಲಿ ಇಂದು ನಮ್ಮ ಮಕ್ಕಳು ಆನೆಯೆನ್ನುವ ಕಾಯಿಯ ಸ್ಥಾನದಲ್ಲಿ ಹಿಂದೆ ರಥ ನಿಲ್ಲುತ್ತಿತ್ತು. ಯುದ್ಧವಾಹನದ ಹಳೆಯ ಕಿರುಮಾದರಿಗಳಲ್ಲಿ ಅದೂ ಒಂದು. ಆ ರಥದಲ್ಲೂ ಸಾರಥಿಯಿದ್ದ, ರಥಿಕನಿದ್ದ. ಅವರಿಗಾಗಿ ನಾವು ಮರುಗುವುದಿಲ್ಲ. ಕಾಲ ಕಳೆದಂತೆ ರಕ್ತ ಆವಿಯಾಗಿ ಆಕಾರ ಮಾತ್ರ ಉಳಿಯುತ್ತದೆ. ಮಾವಳೆಯರು ನಿಂತದ್ದು ಮುನ್ನೂರೈವತ್ತು ವರ್ಷಗಳ ಹಿಂದೆ. ಅವರನ್ನು ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಲು ನಮ್ಮ ಮನಸ್ಸು ಅಳುಕುವುದಿಲ್ಲ. ಹಾಗಾದರೆ 1971ರ ಟ್ಯಾಂಕಿಗೆ ಎಷ್ಟು ವರ್ಷ ಸಂದರೆ ಸಾಕು?

ಈ ಪ್ರಶ್ನೆಗೆ ವರ್ಷಗಳಲ್ಲಿ ಉತ್ತರ ಸಿಗದು. ಅಲ್ಲಿದ್ದವನೊಬ್ಬ ಪಕ್ಕದಲ್ಲಿ ಕುಳಿತು ನೋಡುತ್ತಿರುವವರೆಗೆ ಅವನ ಮಾತಿಗೆ ಒಂದು ಹಕ್ಕು ಇದೆಯೆಂದಷ್ಟೇ ನಮಗೆ ತೋಚುತ್ತದೆ. ಅವನು ಹೋದ ಮೇಲೆ ಆ ಹಕ್ಕು ಯಾರಿಗೆ ದಾಟುತ್ತದೆ, ದಾಟುತ್ತದೆಯೇ ಎಂಬುದನ್ನು ನಾವು ಬಲ್ಲೆವೆಂದು ಹೇಳಿದರೆ ಅತಿಯಾದೀತು.

ನಮ್ಮ ಹಿರಿಯರು ಇದನ್ನು ಹೇಗೆ ನಿಭಾಯಿಸಿದರೆಂದು ನೋಡುವ ಕುತೂಹಲದಿಂದ ವೀರಗಲ್ಲುಗಳತ್ತ ಮರಳಿದೆವು. ಗಡಿಯ ಈಚೆಗೂ ಆಚೆಗೂ, ಊರ ಹೊರಗಿನ ಗುಡಿಯ ಪಕ್ಕದಲ್ಲಿ ಅರ್ಧ ಹೂತುಹೋದ ವೀರಗಲ್ಲನ್ನು ಕಾಣದ ಕನ್ನಡಿಗನಿಲ್ಲ. ಅದೂ ಯುದ್ಧದ ಕಿರುಮಾದರಿಯೇ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲಿನಲ್ಲಿ, ಗಂಗರ ಕಾಲದ ತುಂಬೆಪಾಡಿಯ ಕಾಳಗ ಆನೆ, ಕುದುರೆ, ಕಾಲಾಳುಗಳಿಂದ ಇಕ್ಕಿರಿದು ನಿಂತಿದೆ. ನಮ್ಮ ಆಟಗಾರರ ಮೇಜಿನಷ್ಟೇ ಇಕ್ಕಟ್ಟು. ಕಲ್ಲುಕುಟಿಗನೂ ಸುಳ್ಳು ಹೇಳುತ್ತಾನೆ. ಸಾಮಾನ್ಯವಾಗಿ ವೀರನನ್ನು ದೊಡ್ಡದಾಗಿಯೂ ಅವನೆದುರಿನವರನ್ನು ಚಿಕ್ಕದಾಗಿಯೂ ಕಡೆಯುತ್ತಾನೆ, ಎದುರಾಳಿಗಳ ಕಾಲಾಳುಗಳಿಗೆ ಹೆಸರು ಕೊಡುವುದಿಲ್ಲ. ಆದರೆ ಅವನು ಕಾಳಗದ ಹಂತದಲ್ಲಿ ನಿಲ್ಲುವುದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಅದರ ಮೇಲೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವುದು, ತುದಿಯಲ್ಲಿ ಶಿವಸನ್ನಿಧಿ. ಬೇಗೂರಿನ ಶಾಸನ ನಾಗತ್ತರನೆಂಬವನು ಕಾದಿ ಸತ್ತನೆಂದು ಹೆಸರಿಟ್ಟು ಹೇಳುತ್ತದೆ, ಅದರ ಫಲವಾಗಿ ಕೊಟ್ಟ ಊರುಗಳನ್ನು ಎಣಿಸುತ್ತದೆ. ಸ್ವರ್ಗವನ್ನು ನಂಬುವುದು ಬಿಡುವುದು ಓದುವವನಿಗೆ ಬಿಟ್ಟದ್ದು. ಒಬ್ಬ ಸತ್ತನೆಂಬುದನ್ನು ಮಾತ್ರ ಆ ಕಲ್ಲು ಯಾರಿಗೂ ಮರೆಯಗೊಡುವುದಿಲ್ಲ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡೇ ನಾವು ಕಳೆದ ಬೇಸಿಗೆಯ ರಜೆಯಲ್ಲಿ ಮಾಮಾ ಹಾಗೂ ಮೊಮ್ಮಗನನ್ನು ಕರೆದುಕೊಂಡು ಅಹಮದನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ, ಹೋಗಿದ್ದೆವು. ಅಲ್ಲಿ 1994ರಲ್ಲಿ ಆರಂಭವಾದ ಟ್ಯಾಂಕುಗಳ ವಸ್ತುಸಂಗ್ರಹಾಲಯವಿದೆ. ಬಯಲಿನಲ್ಲಿ ಸಾಲಾಗಿ ಟ್ಯಾಂಕುಗಳು: ನಮ್ಮವು, ಬ್ರಿಟಿಷರವು, ಯುದ್ಧದಲ್ಲಿ ವಶಪಡಿಸಿಕೊಂಡ ಪಾಕಿಸ್ತಾನದ ಪ್ಯಾಟನ್. ಎಲ್ಲವೂ ಶುಚಿಯಾಗಿ ಬಣ್ಣ ಬಳಿಸಿಕೊಂಡು, ಒಂದೊಂದು ಫಲಕದೊಡನೆ, ಯಾರೋ ಜೋಡಿಸಿಟ್ಟ ಭಂಗಿಯಲ್ಲಿ ನಿಂತಿದ್ದವು. ಹುಡುಗನ ಆಟಿಕೆಯದೇ ಕ್ರಮ. ಅಳತೆ ಮಾತ್ರ ಪೂರ್ಣ. ಹುಡುಗ ನಳಿಗೆಗಳ ಅಳತೆ ಓದುತ್ತ ಓಡಾಡಿದ. ಮಾಮಾ ತಾವು ಓಡಿಸುತ್ತಿದ್ದಂಥದೇ ಒಂದರ ಮುಂಭಾಗದಲ್ಲಿ ನಿಂತು, ಚಾಲಕನ ಮುಚ್ಚಳವಿರುವ ಕಡೆಗೆ ಬಹಳ ಹೊತ್ತು ನೋಡಿದರು. ಬಿಸಿಲಿಗೆ ಕಬ್ಬಿಣ ಕಾದಿತ್ತು.

ಹುಡುಗ ಬಂದು, ಕಮಾಂಡರ್ ಯಾಕೆ ತಲೆ ಹೊರಗಿಟ್ಟು ನಿಲ್ಲುತ್ತಾನೆ, ಅದು ತಪ್ಪಲ್ಲವೇ ಎಂದು ಕೇಳಿದ. ಹಿಂದಿನ ದೀಪಾವಳಿಯ ಮಾತು ಅವನಲ್ಲೂ ಉಳಿದಿತ್ತೆಂದು ನಮಗೆ ಆಗ ತಿಳಿಯಿತು.

“ತಪ್ಪಲ್ಲ. ಮುಚ್ಚಳ ಹಾಕಿದ್ರ ಒಳಗಿಂದ ಏನೂ ಸರಿಯಾಗಿ ಕಾಣಂಗಿಲ್ಲ. ಕಾಣ್ಲಿಲ್ಲಂದ್ರ ನಾಕೂ ಮಂದಿ ಹೋಗ್ತಾರ. ಅದಕ್ಕ ಅವ ಒಬ್ಬ ತಲಿ ಹೊರಗ ಇಡ್ತಾನ.” ತುಸು ತಡೆದು, “ನಮ್ಮ ಸಾಹೇಬರೂ ಹಂಗ ಇಟ್ಟಿದ್ರು” ಎಂದರು. ಹುಡುಗ ಮುಂದೇನಾಯಿತೆಂದು ಕೇಳಲಿಲ್ಲ. ನಾವೂ ಕೇಳಲಿಲ್ಲ.

ಕಿರುಮಾದರಿಗಳ ಅಭ್ಯಾಸಿಗಳು ಅತ್ಯಂತ ಪ್ರೀತಿಯಿಂದ ಕೊಡುವ ಭಂಗಿ ಇದೇ: ತೆರೆದ ಮುಚ್ಚಳ, ಹೊರಗೆ ನಿಂತ ಒಬ್ಬ ಮನುಷ್ಯ. ಚೆಂದಕ್ಕಾಗಿ ಅವರು ಆರಿಸಿಕೊಂಡದ್ದು ನಿಜದಲ್ಲೂ ಇತ್ತು. ಏಕೆ ಇತ್ತೆಂಬುದು ಮಾತ್ರ ಬೇರೆ. ಅಮೆರಿಕದ ಛಾಯಾಗ್ರಾಹಕ ಡೇವಿಡ್ ಲೆವಿಂತಾಲ್ ಎಂಬವರು ಗ್ಯಾರಿ ಟ್ರೂಡೋ ಅವರೊಂದಿಗೆ ಸೇರಿ 1977ರಲ್ಲಿ ಹಿಟ್ಲರನ ಪೂರ್ವದ ದಂಡಯಾತ್ರೆಯ ಕುರಿತು ಒಂದು ಪುಸ್ತಕವನ್ನು ತಂದರು. ಅದರ ಚಿತ್ರಗಳಲ್ಲಿರುವವು ಬರಿಯ ಆಟಿಕೆಯ ಸಿಪಾಯಿಗಳು ಮತ್ತು ಟ್ಯಾಂಕುಗಳು. ಅವರು ಚಿತ್ರವನ್ನು ಮಸುಕಾಗಿಸಿದರು. ಎಲ್ಲವನ್ನೂ ಸ್ಪಷ್ಟವಾಗಿ ತೋರಿಸಿದ್ದರೆ ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಾಗಿಯೇ ಕಾಣುತ್ತಿತ್ತು. ಚಕ್ರದ ಕೆಸರಿನವರೆಗೆ ಎಲ್ಲವನ್ನೂ ನಿಖರವಾಗಿ ತೋರಿಸುವ ಶ್ರಮದಲ್ಲಿ ಮುಖ್ಯವಾದುದು ಕೈತಪ್ಪುವುದೂ ಉಂಟು ಎಂಬುದನ್ನು ಆ ಮಸುಕಿನಿಂದ ನಾವು ಊಹಿಸಿದೆವು.

ಮೊನ್ನೆಯ ದೀಪಾವಳಿಗೆ ಮೊಣಕಾಲು ನೋವಿನಿಂದ ಮಾಮಾ ಬರಲಾಗಲಿಲ್ಲ. ಹುಡುಗ ಫೋನು ಮಾಡಿ, ನಾಲ್ಕು ಮಂದಿ ಒಳಗೆ ಎಲ್ಲೆಲ್ಲಿ ಕೂಡುತ್ತಾರೆಂದು ಕೇಳಿದ. ಚಾಲಕ ಮುಂದೆ, ಕೆಳಗೆ. ಗೋಪುರದಲ್ಲಿ ಗುರಿಕಾರ, ಅವನ ಹಿಂದೆ ಕಮಾಂಡರ್, ಇನ್ನೊಂದು ಬದಿಗೆ ಗುಂಡು ತುಂಬುವವನು. ಕಾಲು ಗಂಟೆ ಮಾತು ನಡೆಯಿತು. ಹುಡುಗ ಕಾಗದದ ಮೇಲೆ ನಾಲ್ಕು ಚುಕ್ಕೆ ಹಾಕಿಕೊಂಡ. ಆಮೇಲೆ ಅಂಗಳಕ್ಕೆ ಹೋಗಿ ಟ್ಯಾಂಕನ್ನು ಎಂದಿನಂತೆ ಗುಡ್ಡದ ನೆತ್ತಿಯ ಮೇಲೆಯೇ ನಿಲ್ಲಿಸಿದ. ಯಾಕೆಂದು ಕೇಳಿದರೆ, “ಫೋಟೋ ತಗೀಬೇಕಲ್ಲ ಅಜ್ಜಾ, ಆಮ್ಯಾಲ ಹಿಂದ ಇಡ್ತೀನಿ” ಎಂದ.

ರಾತ್ರಿ ಹಣತೆಗಳಿಗೆ ಎಣ್ಣೆ ಹಾಕಲು ಹೋದಾಗ ಬಗ್ಗಿ ನೋಡಿದೆವು. ಟ್ಯಾಂಕು ನೆತ್ತಿಯ ಮೇಲೆಯೇ ಇತ್ತು. ಅಂಟಿಸಿದ್ದ ಕಮಾಂಡರನ ಗೊಂಬೆಯನ್ನು ಮಾತ್ರ ಕಿತ್ತು ಒಳಗಿಟ್ಟು, ಮುಚ್ಚಳ ಮುಚ್ಚಿದ್ದ.